ನಡೆದು ಹಾಡಿದ ಬಾಳು: ಚಿಪ್ಪಗಿರಿಯ ವಿಜಯದಾಸರು

ಕರ್ನೂಲು ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಗುಂತಕಲ್ಲಿಗೆ ಸಮೀಪವಾಗಿ, ಚಿಪ್ಪಗಿರಿಯೆಂಬ ಊರಿದೆ. ಸುತ್ತಲೂ ಎರೆಯ ಹೊಲಗಳು, ಜೋಳ ಹತ್ತಿಗಳ ಬೆಳೆ, ಅಲ್ಲಲ್ಲಿ ತಲೆಯೆತ್ತಿದ ಕಲ್ಲುಗುಡ್ಡಗಳು. ಪ್ರತಿವರ್ಷ ಕಾರ್ತಿಕ ಶುದ್ಧ ದಶಮಿಯ ದಿನ ಈ ಊರಿನಲ್ಲಿ ಕನ್ನಡದ ಹಾಡು ಮೊಳಗುತ್ತದೆ. ಹರಿದಾಸ ಪರಂಪರೆಯ ಎರಡನೆಯ ಘಟ್ಟವನ್ನು ಆರಂಭಿಸಿದ ವಿಜಯದಾಸರು 1755ರಲ್ಲಿ ಅದೇ ತಿಥಿಯಂದು ಇಲ್ಲಿ ದೇಹವಿಟ್ಟರು. ಅವರ ಕಟ್ಟೆ ಇಲ್ಲಿದೆ. ಆರಾಧನೆಗೆ ಕರ್ನಾಟಕದಿಂದಲೂ ಆಂಧ್ರದಿಂದಲೂ ಜನ ಬರುತ್ತಾರೆ. ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು ಎಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ರಾಜ್ಯದ ಗಡಿ ಬದಲಾಯಿತು. ಹಾಡಿನ ದಾರಿ ಬದಲಾಗಲಿಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನೀವು ವಿಜಯದಾಸರ ಹೆಸರನ್ನು ಸಾಹಿತ್ಯಚರಿತ್ರೆಯ ಪಾಠದಲ್ಲಿ ಓದಿಯೇ ಇರುತ್ತೀರಿ. ಜನನ, ಅಂಕಿತ, ಕೃತಿಗಳ ಸಂಖ್ಯೆ, ಶಿಷ್ಯರ ಪಟ್ಟಿ, ಇಷ್ಟರಲ್ಲಿ ಪಾಠ ಮುಗಿಯುತ್ತದೆ. ಆದರೆ ಅವರ ಬಾಳಿನಲ್ಲಿ ಪರೀಕ್ಷೆಯ ಪ್ರಶ್ನೆಯಾಗದೆ ಉಳಿದ ಒಂದು ಸಂಗತಿಯಿದೆ. ಅವರು ಜೀವಮಾನವೆಲ್ಲ ನಡೆದರು. ಯೌವನದಲ್ಲಿ ನಡೆದರು, ಮುಪ್ಪಿನಲ್ಲೂ ನಡೆದರು. ಹೊಟ್ಟೆಪಾಡಿಗಾಗಿ ನಡೆದರು, ಆಮೇಲೆ ಹಾಡಿಗಾಗಿ ನಡೆದರು. ಅವರ ಕಾವ್ಯಶಕ್ತಿಗೂ ಈ ನಡಿಗೆಗೂ ಇರುವ ನಂಟನ್ನು ಗಮನಿಸುತ್ತ ಅವರ ಬಾಳನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ.

ವಿಜಯದಾಸರು ಹುಟ್ಟಿದ್ದು 1682ರಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿಗೆ ಸೇರಿದ, ತುಂಗಭದ್ರೆಯ ದಡದ ಚೀಕಲಪರ್ವಿಯಲ್ಲಿ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಮಗುವಿಗೆ ಇಟ್ಟ ಹೆಸರು ದಾಸಪ್ಪ. ಪುರಂದರದಾಸರು ಕಾಲವಾಗಿ ನೂರು ವರ್ಷಗಳ ಮೇಲೆ ಸಂದಿದ್ದವು. ಅವರು ತೀರಿದ್ದು 1564ರಲ್ಲಿ. ಅದರ ಮರುವರ್ಷವೇ ತಾಳಿಕೋಟೆಯ ಕಾಳಗದಲ್ಲಿ ವಿಜಯನಗರ ಕುಸಿಯಿತು. ಅರಸೊತ್ತಿಗೆಯ ಆಸರೆ ತಪ್ಪಿದ ಬಳಿಕ ದಾಸರ ಹಾಡಿನ ಹೊಳೆಯೂ ಬತ್ತಿದಂತಾಗಿತ್ತು. ದಾಸಪ್ಪನ ಜನನಕ್ಕೆ ಹನ್ನೊಂದು ವರ್ಷ ಮೊದಲು, 1671ರಲ್ಲಿ, ಅದೇ ನದಿಯ ದಡದ ಮಂತ್ರಾಲಯದಲ್ಲಿ ರಾಘವೇಂದ್ರಸ್ವಾಮಿಗಳು ಬೃಂದಾವನ ಪ್ರವೇಶ ಮಾಡಿದ್ದರು. ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗ, 1686ರಲ್ಲಿ, ವಿಜಾಪುರದ ಆದಿಲಶಾಹಿ ಔರಂಗಜೇಬನ ವಶವಾಯಿತು. ಆದವಾನಿಯೆಂದು ಹೆಸರಾಗಿದ್ದ ಆದೋನಿಯ ದುರ್ಗವೂ ಬೇಗನೆ ಮೊಗಲರ ಕೈಸೇರಿತು. ದಂಡುಗಳು ಓಡಾಡುವ ಸೀಮೆಯಲ್ಲಿ ಬಡವರ ಮನೆಯ ಕಣಜ ಎಷ್ಟು ದಿನ ತುಂಬಿದ್ದೀತು?

ದಾಸಪ್ಪನ ಮನೆಯಲ್ಲಂತೂ ಬಡತನ ಕಾಲು ಚಾಚಿ ಕುಳಿತಿತ್ತು. ಹೊತ್ತಿನ ಗಂಜಿಗೂ ತತ್ವಾರವಾದಾಗ, ಇನ್ನೂ ಹುಡುಗನಾಗಿರುವಾಗಲೇ, ಆತ ಮನೆ ಬಿಟ್ಟು ಹೊರಟನೆಂದು ಪರಂಪರೆ ಹೇಳುತ್ತದೆ. ಊರಿಂದೂರಿಗೆ ಅಲೆದ, ಕ್ಷೇತ್ರಗಳನ್ನು ಕಂಡ, ಮರಳಿ ಊರಿಗೆ ಬಂದ. ಅರಳಮ್ಮನೆಂಬ ಕನ್ಯೆಯೊಡನೆ ವಿವಾಹವಾಯಿತು. ಸಂಸಾರ ಬೆಳೆಯಿತೇ ಹೊರತು ಬಡತನ ಕರಗಲಿಲ್ಲ. ಬಡವನಿಗೆ ಊರಿನಲ್ಲಿ ಸಿಗುವ ಮಾತು ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಆತ ಮತ್ತೆ ಹೊರಟ. ಈ ಸಲ ಕಾಶಿಯ ದಾರಿ ಹಿಡಿದ.

ಈ ಮೊದಲ ನಡಿಗೆಗಳನ್ನು ನಾವು ಶೃಂಗರಿಸಿ ನೋಡಬಾರದು. ಹಸಿದವನ ನಡಿಗೆ ಅದು. ಆದೋನಿ, ಕೋಸಿಗಿ, ಮಂತ್ರಾಲಯಗಳ ಸುತ್ತಿನ ಹಳ್ಳಿಗಳಿಂದ ಇಂದಿಗೂ ಕುಟುಂಬಗಳು ಬೇಸಿಗೆಗೆ ಮುಂಚೆ ಮನೆಗೆ ಬೀಗ ಹಾಕಿಕೊಂಡು, ಮೆಣಸಿನಕಾಯಿ ಬಿಡಿಸುವ ಕೂಲಿಗೆಂದು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ನಿಮ್ಮಲ್ಲಿ ಕೆಲವರ ಮನೆಗಳಲ್ಲೂ ಆ ಅನುಭವ ಇದ್ದೀತು. ಅಂಥ ದುಡಿಮೆಯಲ್ಲಿ ಮೈ ದಣಿಯುತ್ತದೆ, ಮನಸ್ಸು ಮಂಕಾಗುತ್ತದೆ. ದೇಹಶ್ರಮವೆಲ್ಲ ಚೈತನ್ಯ ಕೊಡುತ್ತದೆಂದು ಅವರ ಮುಂದೆ ನಿಂತು ಹೇಳುವುದು ಅಪಚಾರವಾದೀತು. ದಾಸಪ್ಪನ ಆ ಕಾಲದ ಅಲೆದಾಟದಿಂದ ಒಂದು ಪದವೂ ಹುಟ್ಟಿದಂತೆ ಕಾಣುವುದಿಲ್ಲ. ಅನ್ನವಿಲ್ಲದ, ಗುರಿಯಿಲ್ಲದ, ವಿಶ್ರಾಂತಿಯಿಲ್ಲದ ನಡಿಗೆ ಮನುಷ್ಯನನ್ನು ಸವೆಸುತ್ತದೆ.

ಆದರೆ ಕಾಶಿಯಲ್ಲಿ ತಿರುವು ಬಂತು. ತುಂಗಭದ್ರೆಯ ದಡದಿಂದ ಕಾಶಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ದಿನಕ್ಕೆ 25 ಕಿಲೋಮೀಟರಿನಂತೆ ನಡೆದರೂ ಹೋಗುವುದಕ್ಕೇ ಒಂದೂವರೆ ತಿಂಗಳಿಗೆ ಕಡಿಮೆಯಾಗದು. ಗಂಗೆಯ ದಡದಲ್ಲಿ ಮಲಗಿದ್ದ ದಾಸಪ್ಪನ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು, ನಾಲಗೆಯ ಮೇಲೆ ಬೀಜಾಕ್ಷರ ಬರೆದು, ವಿಜಯವಿಠಲನೆಂಬ ಅಂಕಿತವನ್ನು ಅನುಗ್ರಹಿಸಿದರೆಂದು ದಾಸಪರಂಪರೆ ನಂಬುತ್ತದೆ. ಎಚ್ಚೆತ್ತವನ ಬಾಯಲ್ಲಿ ಹಾಡು ತಾನಾಗಿ ಹೊಮ್ಮಿತು. ದಾಸಪ್ಪ ವಿಜಯದಾಸರಾದರು. ಈ ಘಟನೆಯನ್ನು ಭಕ್ತರು ಅನುಗ್ರಹವೆಂದು ಕಾಣುತ್ತಾರೆ; ಸಾಹಿತ್ಯದ ವಿದ್ಯಾರ್ಥಿ ಅದರ ಜೊತೆಗೆ ಇನ್ನೊಂದನ್ನೂ ಗಮನಿಸಬಹುದು. ಕಂಡ ಊರು, ಕೇಳಿದ ಹಾಡು, ಉಂಡ ನೋವು ಇವೆಲ್ಲ ವರ್ಷಗಟ್ಟಲೆ ಒಳಗೆ ಸೇರಿ, ಒಂದು ಹೆಸರು ದೊರೆತ ಗಳಿಗೆಯಲ್ಲಿ ದಾರಿ ಕಂಡುಕೊಂಡವು. ಅಂಕಿತವೆಂದರೆ ದಾಸನಿಗೆ ಗುರಿ.

ಆ ಮೇಲೆಯೂ ಅವರು ನಡೆಯುವುದನ್ನು ಬಿಡಲಿಲ್ಲ. ದಾರಿ ಅದೇ, ಕಾಲೂ ಅದೇ. ಬದಲಾದದ್ದು ನಡಿಗೆಯ ಕ್ರಮ. ದಾಸವೃತ್ತಿಗೆ ಒಂದು ದಿನಚರಿಯಿದೆ. ಬೆಳಗಿನ ಜಾವಕ್ಕೆ ಎದ್ದು ಮೀಯುವುದು, ಕಾಲಿಗೆ ಗೆಜ್ಜೆ ಕಟ್ಟುವುದು, ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ, ಜೊತೆಗೆ ಗೋಪಾಳದ ಬುಟ್ಟಿ. ಹಾಡುತ್ತ ಮನೆಯಿಂದ ಮನೆಗೆ ಹೋಗಿ, ಕೊಟ್ಟಷ್ಟನ್ನು ಪಡೆಯುವುದು. ಇದಕ್ಕೆ ಮಧುಕರವೃತ್ತಿಯೆಂದು ಹೆಸರು. ದುಂಬಿ ಒಂದೇ ಹೂವನ್ನು ಹಿಂಡದೆ ಹಲವು ಹೂಗಳಿಂದ ತುಸು ತುಸುವೇ ಪಡೆಯುವಂತೆ, ದಾಸನೂ ಒಂದೇ ಮನೆಗೆ ಭಾರವಾಗಬಾರದು. ನಾಳೆಗೆಂದು ಕೂಡಿಡಬಾರದು. ಆದ್ದರಿಂದ ಪ್ರತಿದಿನವೂ ನಡೆಯಲೇಬೇಕು. ದಂಡಿಗೆ ಹೊತ್ತು, ಕಾಲಿನ ಹೆಜ್ಜೆಗೆ ತಾಳ ಸೇರಿಸಿ, ಏರುದನಿಯಲ್ಲಿ ಹಾಡುತ್ತ ಹೋಗುವುದು ಸಾಮಾನ್ಯ ಶ್ರಮವಲ್ಲ. ಉಸಿರು ಆಳವಾಗಿ ಆಡಬೇಕು, ಬೆನ್ನು ನೆಟ್ಟಗಿರಬೇಕು, ಮನಸ್ಸು ಪದದ ಮುಂದಿನ ಚರಣದ ಮೇಲಿರಬೇಕು. ಬಿಸಿಲೇರುವ ಹೊತ್ತಿಗೆ ಮನೆಗೆ ಮರಳಿ, ಪಡೆದುದನ್ನು ಅತಿಥಿಗಳೊಡನೆ ಹಂಚಿ ಉಂಡು, ಸಂಜೆ ಕುಳಿತು ಪಾಠ, ಭಜನೆ. ದುಡಿಮೆ, ಅನ್ನ, ವಿಶ್ರಾಂತಿ, ಚಿಂತನೆ ಇವು ಒಂದಕ್ಕೊಂದು ಹೊಂದಿಕೊಂಡು ನಿಂತ ಬಾಳು ಅದು.

ಈ ಬಾಳಿನ ಫಲವನ್ನು ಅವರ ಸುಳಾದಿಗಳಲ್ಲಿ ಕಾಣಬೇಕು. ಸುಳಾದಿಯೆಂದರೆ ಒಂದೇ ತಾಳದಲ್ಲಿ ಸಾಗುವ ಕೀರ್ತನೆಯಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮುಂತಾದ ತಾಳಗಳು ಒಂದಾದ ಮೇಲೊಂದು ಬದಲಾಗುತ್ತ, ವಿಚಾರವನ್ನು ಹಂತಹಂತವಾಗಿ ಬೆಳೆಸಿಕೊಂಡು ಹೋಗಿ, ಕೊನೆಗೆ ಜತೆಯೆಂಬ ಎರಡು ಸಾಲುಗಳಲ್ಲಿ ನಿಲ್ಲುವ ದೀರ್ಘ ರಚನೆ. ಪುರಂದರದಾಸರೂ ಸುಳಾದಿಗಳನ್ನು ರಚಿಸಿದ್ದರು. ಆದರೆ ಮಧ್ವಮತದ ಗಹನ ತತ್ತ್ವಗಳನ್ನು ಸಂಸ್ಕೃತ ಬಾರದ ಜನಕ್ಕೆ ಕನ್ನಡದಲ್ಲಿ ಬಿಡಿಸಿ ಹೇಳುವ ವಾಹಕವಾಗಿ ಸುಳಾದಿಯನ್ನು ಬೆಳೆಸಿದ ಕೀರ್ತಿ ವಿಜಯದಾಸರದು. ತಾಳ ಬದಲಾದಂತೆ ವಿಚಾರವೂ ತಿರುವು ತೆಗೆದುಕೊಳ್ಳುವ ಈ ಬಗೆಯನ್ನು ಗಮನಿಸಿದರೆ, ಬಯಲಿನಲ್ಲಿ ನೀಳ ಹೆಜ್ಜೆ, ಏರಿನಲ್ಲಿ ಗಿಡ್ಡ ಹೆಜ್ಜೆ, ಇಳಿಜಾರಿನಲ್ಲಿ ಬಿರುಸಿನ ಹೆಜ್ಜೆ ಹಾಕುವ ದಾರಿಕಾರನ ನೆನಪಾಗುತ್ತದೆ. ಇದು ನನ್ನ ಊಹೆ. ಆದರೆ ಗೆಜ್ಜೆ ಕಟ್ಟಿದ ಕಾಲು ದಿನವೂ ತಾಳವನ್ನು ಅಭ್ಯಾಸ ಮಾಡುತ್ತಿತ್ತೆಂಬುದು ಊಹೆಯಲ್ಲ.

ಪುರಂದರದಾಸರು ಐದು ಲಕ್ಷ ಕೃತಿಗಳನ್ನು ರಚಿಸಲು ಸಂಕಲ್ಪಿಸಿ, 4,75,000 ರಚಿಸಿ, ಉಳಿದ 25,000ವನ್ನು ವಿಜಯದಾಸರಿಂದ ಪೂರೈಸಿದರೆಂಬ ಪ್ರತೀತಿಯಿದೆ. ಈ ಸಂಖ್ಯೆಗಳನ್ನು ಲೆಕ್ಕದ ಪುಸ್ತಕದಂತೆ ಓದಬೇಕಾಗಿಲ್ಲ. ಈಗ ದೊರೆಯುವ ಕೃತಿಗಳು ಅದರ ಚಿಕ್ಕದೊಂದು ಭಾಗ ಮಾತ್ರ. ಆದರೂ ಆ ಭಾಗವೇ ಒಬ್ಬ ಮನುಷ್ಯನ ದುಡಿಮೆಯೆಂದು ನಂಬಲು ಕಷ್ಟವಾಗುವಷ್ಟು ದೊಡ್ಡದು. ಕಾಶಿ, ತಿರುಪತಿ, ಉಡುಪಿಯೇ ಮೊದಲಾದ ಕ್ಷೇತ್ರಗಳನ್ನು ಅವರು ಹಾಡಿದ್ದಾರೆ. ಕಾಲಿಂದ ಕಂಡ ಊರನ್ನು ನಾಲಗೆಯಿಂದ ಉಳಿಸಿದ್ದಾರೆ.

ಅವರ ಸುತ್ತ ನೆರೆದ ಶಿಷ್ಯರ ಬಳಗವೂ ದೊಡ್ಡದು. ಭಾಗಣ್ಣನೆಂಬ ತರುಣ ಅವರಿಂದ ಗೋಪಾಲವಿಠಲನೆಂಬ ಅಂಕಿತ ಪಡೆದು ಗೋಪಾಲದಾಸರಾದರು. ಪಂಗನಾಮದ ತಿಮ್ಮಣ್ಣದಾಸರು ವೇಣುಗೋಪಾಲವಿಠಲನ ಅಂಕಿತದಲ್ಲಿ ಹಾಡಿದರು. ಕಲ್ಲೂರು ಸುಬ್ಬಣ್ಣಾಚಾರ್ಯರು ವ್ಯಾಸವಿಠಲಾಂಕಿತರಾಗಿ ಗುರುಗಳನ್ನು ಕುರಿತು ವಿಜಯಕವಚವನ್ನು ರಚಿಸಿದರು. ಬದುಕು ಬೇಡವೆಂದು ಸಾಯಹೊರಟಿದ್ದ ಬಡ ತಾಯಿಯೊಬ್ಬಳನ್ನು ತಡೆದು, ಮನೆಗೆ ಕರೆತಂದು ಮಗಳಂತೆ ನೋಡಿಕೊಂಡು, ಆಕೆಯ ಮಗನನ್ನು ಬೆಳೆಸಿದರೆಂಬ ಕಥೆಯಿದೆ. ಆ ಮಗನೇ ಮೋಹನದಾಸರು. ಹಸಿವಿನ ದಾರಿಯನ್ನು ತಾವೇ ತುಳಿದಿದ್ದವರಿಗೆ ದಾರಿಯಲ್ಲಿ ಸಿಕ್ಕವರ ಸಂಕಟ ಬೇಗ ಅರ್ಥವಾಗಿರಬೇಕು.

ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದುದು ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆ. ಅವರು ಸಂಸ್ಕೃತದ ಉದ್ದಾಮ ಪಂಡಿತರು. ಕನ್ನಡದಲ್ಲಿ ಹಾಡುತ್ತ ಬೀದಿ ತಿರುಗುವ ದಾಸರ ಬಗೆಗೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂಬ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಗಿ, ಉಂಡದ್ದು ದಕ್ಕದ ವ್ಯಾಧಿ ಅಂಟಿಕೊಂಡಿತು. ಯಾವ ಔಷಧಕ್ಕೂ ಬಗ್ಗದೆ ಕೊನೆಗೆ ವಿಜಯದಾಸರಿಗೇ ಶರಣಾದಾಗ, ಅವರು ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಕೊಟ್ಟು, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದು ಗುಣಪಡಿಸಿದರೆಂದು ಸಂಪ್ರದಾಯ. ಬಳಿಕ ಆ ಪಂಡಿತರು ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಅಂಕಿತ ಪಡೆದು, ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡಕ್ಕೆ ಕೊಟ್ಟರು. ಈ ಕಥೆಯ ಪವಾಡವನ್ನು ನಂಬುವವರು ನಂಬಲಿ. ಅದು ಹೇಳುವ ಲೋಕಸತ್ಯ ಎಲ್ಲರಿಗೂ ಸಲ್ಲುತ್ತದೆ. ಕುಳಿತಲ್ಲೇ ಬೆಳೆದ ವಿದ್ಯೆಗೆ ಜೀರ್ಣಶಕ್ತಿ ಸಾಲದೆ ಹೋಯಿತು. ಬೀದಿಗಿಳಿದು, ಜೋಳದ ರೊಟ್ಟಿ ತಿಂದು, ದೂರದ ದಾರಿ ನಡೆದ ಮೇಲೆ ಅದೇ ವಿದ್ಯೆ ಜನರಿಗೆ ಅಮೃತವಾಯಿತು. ಪಾಂಡಿತ್ಯವನ್ನು ಇಲ್ಲಿ ಹಳಿದಿಲ್ಲ, ಅದಕ್ಕೆ ಕಾಲು ಕೊಟ್ಟಿದೆ.

ಪಂಢರಪುರದ ಹೆಸರು ಬಂದಾಗ ನನಗೆ ಬಾಲ್ಯದ ಮರಾಠಿ ಪಾಠಗಳು ನೆನಪಾಗುತ್ತವೆ. ಆಳಂದಿಯಿಂದಲೂ ದೇಹುವಿನಿಂದಲೂ ಪಂಢರಪುರಕ್ಕೆ ಆಷಾಢದ ಏಕಾದಶಿಯ ಹೊತ್ತಿಗೆ ಸೇರುವ ವಾರಿ ಸುಮಾರು ಮೂರು ವಾರಗಳ ನಡಿಗೆ. ರೈತರು, ಕೂಲಿಗಳು, ಮುದುಕಿಯರು, ಅಭಂಗ ಹಾಡುತ್ತ, ತಾಳ ಹಾಕುತ್ತ, ಕುಣಿಯುತ್ತ ನಡೆಯುತ್ತಾರೆ. ಅಲ್ಲಿ ತಾಳ ಮೃದಂಗ, ಇಲ್ಲಿ ತಂಬೂರಿ ಚಿಟಿಕೆ. ಅಲ್ಲಿಯೂ ಇಲ್ಲಿಯೂ ವಿಠಲನೇ. ವಾರಕರಿಯ ನಡಿಗೆ ವರ್ಷಕ್ಕೊಮ್ಮೆ ಸಮೂಹವಾಗಿ ನಡೆಯುವ ಯಾತ್ರೆ; ದಾಸರದು ನಿತ್ಯವೂ ಒಬ್ಬಂಟಿಯಾಗಿ ಸಾಗುವ ಯಾತ್ರೆ. ಹಾಡು ನಡಿಗೆಯನ್ನು ಹಗುರಗೊಳಿಸುತ್ತದೆ, ನಡಿಗೆ ಹಾಡನ್ನು ಉಸಿರಾಡಿಸುತ್ತದೆ ಎಂಬುದನ್ನು ಎರಡು ಭಾಷೆಗಳ ಭಕ್ತರೂ ಅನುಭವದಿಂದ ಅರಿತಿದ್ದರು.

ಅನುಭವಕ್ಕೆ ಇಂದು ಶಾಸ್ತ್ರದ ಬೆಂಬಲವೂ ದೊರೆತಿದೆ. ಮೈ ಚಲಿಸಿದಾಗ ಹೃದಯದ ಬಡಿತ ಏರಿ, ಮಿದುಳಿಗೆ ಹರಿಯುವ ರಕ್ತವೂ ಪ್ರಾಣವಾಯುವೂ ಹೆಚ್ಚುತ್ತವೆ. 2008ರಲ್ಲಿ ಅಮೆರಿಕದ ಜಾರ್ಜಿಯ ವಿಶ್ವವಿದ್ಯಾಲಯದ ಸಂಶೋಧಕರು, ಸದಾ ದಣಿವೆನ್ನುತ್ತಿದ್ದ, ವ್ಯಾಯಾಮದ ರೂಢಿಯಿಲ್ಲದ ತರುಣರನ್ನು ಪರೀಕ್ಷಿಸಿದರು. ಆರು ವಾರಗಳ ಕಾಲ, ವಾರಕ್ಕೆ ಮೂರು ಬಾರಿ, 20 ನಿಮಿಷ ಸೈಕಲ್ ಯಂತ್ರವನ್ನು ತುಳಿದವರಲ್ಲಿ ಚೈತನ್ಯದ ಭಾವ ಸುಮಾರು ಶೇಕಡಾ 20ರಷ್ಟು ಹೆಚ್ಚಿತು. ಸೋಜಿಗವೆಂದರೆ, ಬಿರುಸಾಗಿ ತುಳಿದವರಿಗಿಂತ ಹಗುರವಾಗಿ ತುಳಿದವರ ದಣಿವೇ ಹೆಚ್ಚು ಇಳಿದಿತ್ತು. ದಣಿದವರಿಗೆ ಮಿತವಾದ ಚಲನೆಯೇ ಮದ್ದು ಎಂದಾಯಿತು. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಕಲ್ಪನೆಗಳು ಹೆಚ್ಚಾಗಿ ಹೊಳೆದವು. ನಡೆದು ಬಂದು ಕುಳಿತ ಮೇಲೂ ಆ ಪರಿಣಾಮ ಸ್ವಲ್ಪ ಹೊತ್ತು ಉಳಿದಿತ್ತು. ಆದರೆ ಒಂದೇ ಸರಿಯುತ್ತರವಿರುವ ಸಮಸ್ಯೆಗಳಲ್ಲಿ ಆ ಲಾಭ ಕಾಣಲಿಲ್ಲ. ಹೊಳೆಯುವುದಕ್ಕೆ ನಡಿಗೆ, ತಿದ್ದುವುದಕ್ಕೆ ಕುಳಿತ ಏಕಾಗ್ರತೆ. ಬೆಳಗ್ಗೆ ಹಾಡುತ್ತ ತಿರುಗಿ, ಸಂಜೆ ಪಾಠಕ್ಕೆ ಕೂರುತ್ತಿದ್ದ ದಾಸರ ದಿನಚರಿಯಲ್ಲಿ ಈ ಎರಡಕ್ಕೂ ಎಡೆಯಿತ್ತು.

ವಿಜಯದಾಸರ ಬಾಳಿನಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇಲ್ಲಿದೆ. ಒಬ್ಬನೇ ಮನುಷ್ಯ, ಒಂದೇ ಸೀಮೆಯಲ್ಲಿ, ಎರಡು ಬಗೆಯ ನಡಿಗೆ ನಡೆದ. ಮೊದಲನೆಯದು ಅವನ ಶಕ್ತಿಯನ್ನು ಹೀರಿತು, ಎರಡನೆಯದು ಶಕ್ತಿಯನ್ನು ತುಂಬಿತು. ಅನ್ನ, ಗುರಿ, ಮಿತಿ, ವಿಶ್ರಾಂತಿ ಈ ನಾಲ್ಕೂ ಕೂಡಿದಾಗ ಶ್ರಮವು ಚೈತನ್ಯವಾಗುತ್ತದೆ. ಇವು ಇಲ್ಲದಾಗ ಅದೇ ಶ್ರಮ ಸವೆತವಾಗುತ್ತದೆ. ಆದ್ದರಿಂದ ನಿಮ್ಮಲ್ಲಿ ಹೊಲದ ಕೆಲಸ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಬರುವವರಿಗೆ ನಾನು ಇನ್ನಷ್ಟು ನಡೆಯಿರೆಂದು ಹೇಳಲಾರೆ. ನಿಮಗೆ ಬೇಕಾದದ್ದು ಹೊತ್ತಿಗೆ ಊಟ, ಕಣ್ತುಂಬ ನಿದ್ದೆ. ಆದರೆ ವಸತಿಗೃಹದ ಮಂಚದ ಮೇಲೆ ಕೈಪಿಡಿ ಹಿಡಿದು, ಮೊಬೈಲನ್ನು ಪಕ್ಕದಲ್ಲಿಟ್ಟು, ಮಧ್ಯಾಹ್ನದ ಮೊದಲ ತರಗತಿಯಲ್ಲೇ ತೂಕಡಿಸುವವರು ತಮ್ಮ ದಣಿವು ಯಾವ ಬಗೆಯದೆಂದು ಯೋಚಿಸಬೇಕು. ದುಡಿದು ಬಂದ ದಣಿವು ಬೇರೆ, ಅಲುಗಾಡದೆ ಬಂದ ಜಡತೆ ಬೇರೆ. ಮೊದಲನೆಯದಕ್ಕೆ ನಿದ್ದೆ ಮದ್ದು, ಎರಡನೆಯದಕ್ಕೆ ಹೆಜ್ಜೆ ಮದ್ದು.

ಚಿಪ್ಪಗಿರಿಯನ್ನು ನೆಲೆಯಾಗಿಸಿಕೊಂಡು ಕೊನೆಯ ಕಾಲ ಕಳೆದ ವಿಜಯದಾಸರು ಎಪ್ಪತ್ಮೂರನೆಯ ವಯಸ್ಸಿನಲ್ಲಿ ಅಲ್ಲಿಯೇ ಹರಿಪಾದ ಸೇರಿದರು. ಚೀಕಲಪರ್ವಿಯಿಂದ ತುಂಗಭದ್ರೆಯನ್ನು ದಾಟಿ, ಆದೋನಿಯ ಸೀಮೆಯನ್ನು ಹಾದು ಚಿಪ್ಪಗಿರಿಗೆ ಬಂದರೆ ಮೂರು ನಾಲ್ಕು ದಿನದ ನಡಿಗೆ. ಹುಟ್ಟಿದೂರಿಗೂ ಕೊನೆಯೂರಿಗೂ ನಡುವೆ ಇಷ್ಟೇ ದೂರ. ಆದರೆ ಆ ದೂರವನ್ನು ಕ್ರಮಿಸುವಷ್ಟರಲ್ಲಿ ಅವರು ನಾಡಿನುದ್ದಕ್ಕೂ ತಿರುಗಿ, ನಿಂತುಹೋಗಿದ್ದ ಹಾಡಿನ ಹೊಳೆಯನ್ನು ಮತ್ತೆ ಹರಿಯಿಸಿದ್ದರು. ಅದು ಮುಂದೆ ಒಂದೂವರೆ ಶತಮಾನ ಹರಿಯಿತು. ಇದೇ ಆದೋನಿ ಸೀಮೆಯ ಕೌತಾಳದಲ್ಲಿ 1837ರಲ್ಲಿ ಹುಟ್ಟಿ, ಕೋಸಿಗಿಯಲ್ಲಿ ಬಾಳಿ, 1918ರವರೆಗೆ ಬದುಕಿದ್ದ ಗುರುಜಗನ್ನಾಥದಾಸರು ಕನ್ನಡದಲ್ಲಿ ರಾಘವೇಂದ್ರವಿಜಯವನ್ನು ರಚಿಸಿದ್ದು ಆ ಪ್ರವಾಹದ ಫಲವೇ.

ಮುಂದಿನ ಕಾರ್ತಿಕದಲ್ಲಿ ಅವಕಾಶವಾದವರು ಚಿಪ್ಪಗಿರಿಗೆ ಹೋಗಿ ಬನ್ನಿ. ಬಸ್ಸಿನಿಂದ ಊರ ಹೊರಗೇ ಇಳಿದು, ಕಟ್ಟೆಯವರೆಗೆ ನಡೆದುಹೋಗಿ. ಅದಕ್ಕೂ ಮೊದಲು, ಪಠ್ಯದಲ್ಲಿರುವ ಯಾವುದಾದರೊಂದು ಸುಳಾದಿಯನ್ನು ಬೆಳಗಿನ ತಂಪಿನಲ್ಲಿ ಕಾಲೇಜಿನ ಮೈದಾನದಲ್ಲಿ ನಡೆಯುತ್ತ, ದನಿಯೆತ್ತಿ ಓದಿನೋಡಿ. ಕೋಣೆಯಲ್ಲಿ ಬಿಡಿಸಲಾಗದೆ ಉಳಿದಿದ್ದ ಸಾಲೊಂದು ಹೆಜ್ಜೆಯ ತಾಳಕ್ಕೆ ಸಿಕ್ಕು ಬಿಡಿಸಿಕೊಂಡೀತು. ಆಮೇಲೆ ಬಂದು ಕುಳಿತು ಟಿಪ್ಪಣಿ ಬರೆದುಕೊಳ್ಳಿ. ದಾಸರ ಕ್ರಮವೂ ಅದೇ ಆಗಿತ್ತು.